ಸಸಿಗಳ ಸೋದರಮಾವ

ನಮ್ಮೂರಿನ ಉಪ್ಪುನೀರಿನ ತೋಡು ದಿನಕ್ಕೆ ಎರಡು ಸಲ ಮನೆಬಾಗಿಲ ತನಕ ಬಂದು ಹೋಗುತ್ತದೆ. ಬಂದಾಗ ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ನಿಂತು, ಒಳಗೆ ಯಾರಿದ್ದಾರೆ ಅಂತ ಇಣುಕಿದ ಹಾಗೆ ಮಾಡಿ, ಬಂದ ದಾರಿಯಲ್ಲೇ ಸಮುದ್ರಕ್ಕೆ ವಾಪಸಾಗುತ್ತದೆ. ಅದೇ ನೀರನ್ನು ನಾವು ಕುಡಿಯುತ್ತೇವೆ, ಅದರಲ್ಲೇ ಗಂಜಿ ಬೇಯಿಸುತ್ತೇವೆ, ಹುಟ್ಟಿದ ಕೂಸಿನ ಬಾಯಿಗೂ ಅದನ್ನೇ ಬಿಡುತ್ತೇವೆ. ಹೊರಗಿನವರು ಒಂದು ಗುಟುಕು ಕುಡಿದರೆ ಮೂರು ದಿನ ಮಲಗುತ್ತಾರೆ. ನನ್ನ ಅಜ್ಜ ಎಷ್ಟು ಕುಡಿದಿದ್ದನೆಂದರೆ, ಬೆವರಿನ ಉಪ್ಪಿಗೆ ಗಟ್ಟಿಯಾದ ಅವನ ಅಂಗಿ ಬಿಚ್ಚಿಟ್ಟ ಮೇಲೂ ಜಗುಲಿಯಲ್ಲಿ ಹಾಗೇ ನಿಂತಿರುತ್ತಿತ್ತು. ಅಜ್ಜಿ ಎರಡು ಸಲ ಅದನ್ನೇ ಊಟಕ್ಕೆ ಕರೆದಿದ್ದಳು. ಅದು ಬರಲಿಲ್ಲ ಅಂತ ಬೈದಿದ್ದಳು ಕೂಡ.

ಇದಕ್ಕೆಲ್ಲ ಕಾರಣ ಚುಕ್ಕೆ. ನಮ್ಮೂರಲ್ಲಿ ಹುಟ್ಟಿದವರಿಗೆ ಎಡಗಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ ಇರುತ್ತದೆ. ನಮ್ಮ ಭತ್ತದ ಎಲೆಯ ಮೇಲೂ ಅಂಥವೇ ಚುಕ್ಕೆಗಳು, ಕಾಳಿನ ಸಿಪ್ಪೆಯ ಮೇಲೂ ಅಂಥವೇ. ಭತ್ತದ ಸಸಿಗೆ ಉಪ್ಪು ತಾಗಿದರೆ ಚುಕ್ಕೆ ಏಳುತ್ತದೆ. ಅದು ಆ ಸಸಿಯ ಮಗಳಿಗೂ ಮೊಮ್ಮಗಳಿಗೂ ಇಳಿಯುತ್ತದೆ. ಆ ಅಕ್ಕಿ ಉಂಡವರಿಗೆ ಕಿವಿ ಹಿಂದೆ ಬರುತ್ತದೆ. ಆದರೆ ಎರಡು ಬೆಳೆ ಉಪ್ಪಿನ ಮುಖ ಕಾಣದೆ, ಬರೀ ಮಳೆನೀರು ಕುಡಿದು ಸುಖವಾಗಿ ಬೆಳೆದ ಬೀಜ ಎಲ್ಲವನ್ನೂ ಮರೆತುಬಿಡುತ್ತದೆ. ಮೂರನೇ ಬೆಳೆಗೆ ತೋಡಿನ ನೀರು ಒಡ್ಡು ದಾಟಿ ಒಂದು ದಿನ ನಿಂತರೆ ಸಾಕು, ಇಡೀ ಗದ್ದೆ ಬೇಯಿಸಿದ ಸೊಪ್ಪಿನ ಹಾಗೆ ಮಲಗುತ್ತದೆ.

ಒಂದು ವರ್ಷ ಕೃಷಿ ಕಾಲೇಜಿನ ಹುಡುಗಿಯೊಬ್ಬಳು ದೋಣಿಯಲ್ಲಿ ಐಸಿನ ಪೆಟ್ಟಿಗೆ ತಂದು ನಮ್ಮ ಎಲೆಗಳನ್ನು ಕತ್ತರಿಸಿ ತುಂಬಿಕೊಂಡಳು. ಚುಕ್ಕೆ ನೋಡುವ ಗೋಯ್ದಜ್ಜನ ಹತ್ತಿರ ಕೂತು, "ಇದಕ್ಕೆ ಮಿಥೈಲ್ ಅಂತಾರೆ ಅಜ್ಜ, ಡಿಎನ್‌ಎ ಮೇಲೆ ಕೂರುತ್ತೆ. ಬರೆದ ಅಕ್ಷರ ಬದಲಾಗಲ್ಲ. ಯಾವ ಸಾಲು ಓದ್ಬೇಕು, ಯಾವುದನ್ನ ಓದದೆ ಬಿಡ್ಬೇಕು ಅಂತ ಮಾತ್ರ ಹೇಳುತ್ತೆ. ಬೇರೆ ಕಡೆ ಮಷೀನಿಗೆ ಹಾಕಿ ನೋಡ್ಬೇಕು. ಹೀಗೆ ಕಣ್ಣಿಗೇ ಕಾಣೋದನ್ನ ನಾನು ಇಲ್ಲೇ ನೋಡಿದ್ದು" ಅಂದಳು. ಅಜ್ಜ, "ನಂಗೆ ಅಕ್ಷರವೇ ಬರೂದಿಲ್ಲ ತಂಗಿ, ನಾ ಎಲ್ಲಾ ಸಾಲೂ ಬಿಟ್ಟವ" ಅಂದ. ಆ ವಾರ ಹುಟ್ಟಿದ ಹೆಣ್ಣುಕರುವಿಗೆ ನಾವು ಮಿಥಿಲಿ ಅಂತ ಹೆಸರಿಟ್ಟೆವು. ಹುಡುಗಿ ಹೋದಳು, ಕರು ದೊಡ್ಡದಾಗಿ ಎಲ್ಲರನ್ನೂ ಹಾಯತೊಡಗಿತು.

ಬೀಜ ಮರೆಯಬಾರದು ಅಂತ ನಮ್ಮಲ್ಲಿ ಪ್ರತಿ ವರ್ಷ ಸಸಿಗೆ ಉಪ್ಪು ತೋರಿಸುತ್ತೇವೆ. ಸಸಿಮಡಿ ಹಾಕಿದ ಹನ್ನೆರಡನೇ ದಿನ ಮೂರು ಪಾಲು ಮಳೆನೀರಿಗೆ ಒಂದು ಪಾಲು ತೋಡಿನ ನೀರು. ಹದಿನಾರನೇ ದಿನ ಅರ್ಧಕ್ಕರ್ಧ. ಇಪ್ಪತ್ತನೇ ದಿನ ಬರೀ ತೋಡಿನದು. ಮೊದಲ ಸಲಕ್ಕೆ ಸಸಿ ಮುಖ ಸಿಂಡರಿಸುತ್ತದೆ, ಎರಡನೆಯದಕ್ಕೆ ಅಳುತ್ತದೆ, ಮೂರನೆಯದಕ್ಕೆ ಬಾಡಿ ನೆಲಕ್ಕೆ ಬೀಳುತ್ತದೆ. ಎರಡು ದಿನದ ಮೇಲೆ ಎದ್ದು ನಿಂತಾಗ ಮೈತುಂಬ ಚುಕ್ಕೆ.

ಈ ಕೆಲಸವನ್ನು ಗದ್ದೆಯವರು ಮಾಡುವ ಹಾಗಿಲ್ಲ. ಆ ಗದ್ದೆಯ ಅನ್ನ ಉಂಡವರಿಗೆ ಆ ಗದ್ದೆಯ ಸಸಿ ಕಂಡರೆ ಕರುಳು ಚುರ್ ಅನ್ನುತ್ತದೆ, ಕೈ ನಡುಗಿ ಕೊಡ ಬಗ್ಗುವುದಿಲ್ಲ. ಇದು ನಮ್ಮೂರ ನೀರಿನ ಹಾಗೆಯೇ, ಯಾಕೆ ಅಂತ ಕೇಳಿದವರಿಲ್ಲ. ಅದಕ್ಕೆ ಪ್ರತಿ ಗದ್ದೆಗೂ ಹೊರಗಿನವನೊಬ್ಬ ಬೇಕು, ಆ ಗದ್ದೆಯ ಒಂದು ಅಗುಳನ್ನೂ ಬಾಯಿಗೆ ಇಡದವನು. ಕೂಸಿನ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆ ಮೇಲೆ ಕೂರಿಸುತ್ತಾರಲ್ಲ, ಹಾಗೆ ಇವನನ್ನೂ ಮಾವ ಅಂತಲೇ ಕರೆಯುತ್ತಾರೆ.

ನನ್ನ ಸ್ವಂತ ಗದ್ದೆ ಬಿಟ್ಟು ನಾನು ಹನ್ನೊಂದು ಗದ್ದೆಗಳಿಗೆ ಮಾವ. ಜಟ್ಟುಮಾವ ಅಂದರೆ ಊರಿಗೆಲ್ಲ ಗೊತ್ತು. ಹನ್ನೊಂದು ಮನೆಯ ಮದುವೆ ಹಬ್ಬದಲ್ಲಿ ಎಲೆ ಮುಂದೆ ಕೂತು, ಅನ್ನ ಬಂದಾಗ ಎರಡೂ ಕೈ ಅಡ್ಡ ಹಿಡಿದು, ಬರೀ ಮೀನು ತಿಂದು ಎದ್ದವನು ನಾನು. ಒಂದು ಮದುವೆಯಲ್ಲಿ ನಾನು ತಿಂದ ಬಂಗುಡೆಯ ಮುಳ್ಳುಗಳನ್ನೇ ಜೋಡಿಸಿ ಬೀಗರು ಬೇಲಿಬಾಗಿಲಿಗೆ ದಣಪೆ ಕಟ್ಟಿಕೊಂಡರು. ಇಂದಿಗೂ ದನ ಅದನ್ನು ದಾಟುವುದಿಲ್ಲ.

ಆ ಹನ್ನೊಂದರಲ್ಲಿ ಒಂದು ಬೀರಮ್ಮನ ಗದ್ದೆ. ಬೀರಮ್ಮ ಗಟ್ಟಿ ಹೆಂಗಸು, ಮಾತಾಡಿದರೆ ಆಚೆ ದಡದ ಕಾಗೆ ಹಾರುತ್ತದೆ. ಅವಳ ಮಗ ಈರ ಒಡ್ಡು ಕಟ್ಟುವವನು. ಅವನು ಹೊಳೆಯ ಮೇಲುಗಡೆಯ ಸಿಹಿನೀರಿನ ಊರಿಂದ ಕುಸಲಿ ಅನ್ನುವ ಹುಡುಗಿಯನ್ನು ಮದುವೆಯಾಗಿ ತಂದ. ಬಂದ ದಿನ ಕುಸಲಿ ಒಂದು ಚೊಂಬು ತೋಡಿನ ನೀರು ಕುಡಿದು, ಹಸೆಮಣೆಯಿಂದ ಎದ್ದು ಹೋಗಿ ತೆಂಗಿನ ಬುಡದಲ್ಲಿ ಕಾರಿಕೊಂಡಳು. ಅಂದಿನಿಂದ ಸೋಮವಾರ ಸೋಮವಾರ ಅವಳ ಅಣ್ಣ ದೋಣಿಯಲ್ಲಿ ಎರಡು ಕೊಡ ಸಿಹಿನೀರು ತಂದು ಕೊಟ್ಟು ಹೋಗುತ್ತಿದ್ದ.

ಹೊರಗಿಂದ ಬಂದ ಸೊಸೆಗೆ ನಮ್ಮೂರಲ್ಲಿ ಎರಡು ಬೆಳೆಯ ಅವಕಾಶ. ಮನೆಯ ಅಕ್ಕಿ ಉಂಡು ಉಂಡು ಕಿವಿ ಹಿಂದೆ ಚುಕ್ಕೆ ಬಂದರೆ ಇರಬಹುದು. ಎರಡನೇ ಬೆಳೆ ಮನೆಗೆ ಬಂದು ತಿಂಗಳಾದ ಮೇಲೆ ಗೋಯ್ದಜ್ಜ ಕಿವಿ ಮಡಚಿ ನೋಡುತ್ತಾನೆ. ಇಲ್ಲವಾದರೆ ಅವಳನ್ನು ಕರೆದೊಯ್ಯಲು ದೋಣಿ ಬರುತ್ತದೆ. ಯಾರೂ ಬೈಯುವುದಿಲ್ಲ, ಯಾರೂ ದೂಡುವುದಿಲ್ಲ. ಉಪ್ಪು ಹಿಡಿಯದ ಮೈ ಇಲ್ಲಿ ಒಣಗುತ್ತದೆ, ಅಷ್ಟೇ. ನನ್ನ ಕಾಲದಲ್ಲಿ ಇಬ್ಬರು ಹಾಗೆ ಹೋಗಿದ್ದಾರೆ. ಒಬ್ಬಳ ಗಂಡ ಜೊತೆಗೆ ಹೋದ. ಇನ್ನೊಬ್ಬಳ ಗಂಡ ಹೋಗಲಿಲ್ಲ.

ಕುಸಲಿಗೆ ಮೊದಲ ಬೆಳೆಯಲ್ಲಿ ಚುಕ್ಕೆ ಬರಲಿಲ್ಲ. ಎರಡನೇ ಬೆಳೆಯ ಸಸಿಮಡಿ ಹಾಕುವ ಹೊತ್ತಿಗೆ ಅವಳು ಬಸುರಿ. ಈಗ ಎಲ್ಲವೂ ಆ ವರ್ಷದ ಅಕ್ಕಿಯ ಮೇಲೆ ನಿಂತಿತ್ತು. ಅಕ್ಕಿಯಲ್ಲಿ ಚುಕ್ಕೆ ದಟ್ಟವಾಗಿದ್ದರೆ ಅವಳಿಗೂ ಬಂದೀತು, ಹೊಟ್ಟೆಯಲ್ಲಿರುವುದಕ್ಕೂ ಇಳಿದೀತು ಅಂತ ಲೆಕ್ಕ. ಬೀರಮ್ಮ ನನ್ನನ್ನು ದಾರಿಯಲ್ಲಿ ತಡೆದು ನಿಲ್ಲಿಸಿದಳು.

"ಜಟ್ಟು, ಈ ಸಲ ಕೈ ಬಿಗಿ ಮಾಡ್ಬೇಡ. ನಂಗೆ ಮೊಮ್ಮಗು ಬೇಕು."

"ನಾ ಯಾವಾಗ ಬಿಗಿ ಮಾಡಿದ್ದೆ ಬೀರಕ್ಕ? ನಾ ಉಪ್ಪು ತೋರ್ಸಿದ ಸಸಿ ತೋಡಿನ ಏಡಿಗೇ ನೀರು ಕುಡಿಯೂಕೆ ಹೇಳಿಕೊಡ್ತದೆ."

"ಸಾಕು, ಬಾಯಿ ಮುಚ್ಚಿ ಕೊಡ ಬಗ್ಸು."

ಮೊದಲ ಎರಡು ಸಲ ಸರಿಯಾಗಿ ಹಾಕಿದೆ. ಇಪ್ಪತ್ತನೇ ದಿನ ಮಳೆ ಬಿಡುವು ಕೊಟ್ಟಿತ್ತು, ಬಿಸಿಲು ಬೆನ್ನಿನ ಮೇಲೆ ಕೂತಿತ್ತು. ಬೆಳಿಗ್ಗೆಯಿಂದ ಎರಡು ಗದ್ದೆ ಮುಗಿಸಿ ಬೀರಮ್ಮನ ಗದ್ದೆಗೆ ಬಂದೆ. ಸಸಿಮಡಿಯ ಮೂಡಣ ಅರ್ಧಕ್ಕೆ ಸುರಿದು ಮುಗಿಸುವಾಗ ಹೊಟ್ಟೆಯೊಳಗೆ ಕಪ್ಪೆ ಕೂಗತೊಡಗಿತು. ಅಂದು ಮೀನೂ ಇರಲಿಲ್ಲ, ಗೆಣಸೂ ಇರಲಿಲ್ಲ. ಬೀರಮ್ಮ ಆಚೆ ಕೇರಿಗೆ ಹೋಗಿದ್ದಳು, ಈರ ಒಡ್ಡಿನ ಮೇಲಿದ್ದ. ಗದ್ದೆಯ ಅಂಚಿನ ಮನೆಯ ಹಿತ್ತಿಲಿಂದ ಕುಸಲಿ ಕರೆದಳು.

"ಮಾವ, ಬನ್ನಿ, ಒಂಚೂರು ಗಂಜಿ ಉಂಡ್ಕಂಡು ಹೋಗಿ. ಬೆಳಿಗ್ಗಿಂದ ನೀರು ಹೊರ್ತಾ ಇದ್ರಿ."

"ಬ್ಯಾಡ ಮಗ, ನಂಗೆ ಹಸಿವಿಲ್ಲ."

"ನಿಮ್ಮ ಹೊಟ್ಟೆ ಕೂಗೂದು ಇಲ್ಲೀವರೆಗೆ ಕೇಳ್ತದೆ. ನಮ್ಮೂರಲ್ಲಿ ಗದ್ದೆಗೆ ಇಳಿದವರನ್ನ ಉಣ್ಸದೇ ಕಳ್ಸೂದಿಲ್ಲ. ಒಣಸಿಗಡಿ ಚಟ್ನಿ ಅರೆದಿದ್ದೆ."

ಆ ಹುಡುಗಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಬೀರಮ್ಮ ಹೇಳಿರಲಿಲ್ಲ, ಯಾಕೆಂದರೆ ನಮ್ಮೂರಲ್ಲಿ ಅದನ್ನು ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಯಾವ ಅಕ್ಕಿ ಅಂತ ಒಂದು ಮಾತು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅದಕ್ಕೇ ನಾನು ಕೇಳಲಿಲ್ಲ. ತವರಿಂದ ತಂದ ಅಕ್ಕಿಯೇ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡು ಜಗುಲಿಯಲ್ಲಿ ಕೂತೆ. ಬೋಗುಣಿಯಲ್ಲಿ ಹಬೆಯಾಡುವ ಗಂಜಿ, ಮೇಲೆ ಚಟ್ನಿ. ಮೊದಲ ಸಲದ್ದು ಹಸಿವಿಗೆ, ಎರಡನೇ ಸಲದ್ದು ಚಟ್ನಿಗೆ, ಮೂರನೇ ಸಲದ್ದು ಅವಳು ಕೇಳಿದ ರೀತಿಗೆ.

ಎದ್ದು ಕೈತೊಳೆದು ಸಸಿಮಡಿಗೆ ಇಳಿದೆ. ಕೊಡ ತುಂಬಿ ಹೆಗಲಿಗೆ ಏರಿಸಿ ಪಡುವಣ ಅರ್ಧದ ಮುಂದೆ ನಿಂತೆ. ಸಸಿಗಳು ತಲೆ ಎತ್ತಿ ನೋಡಿದವು. ನಲವತ್ತು ವರ್ಷ ನಾನು ಸಸಿಗಳನ್ನು ನೋಡಿದ್ದೆ, ಅವು ನನ್ನನ್ನು ನೋಡಿದ್ದು ಅದೇ ಮೊದಲು. ಗೇಣುದ್ದದ ಕೂಸುಗಳು, ಮೊನ್ನೆ ಅತ್ತು ಇವತ್ತು ತಾನೇ ಮೂಗು ಒರೆಸಿಕೊಂಡು ನಿಂತವು. ನನ್ನ ಕೈ ಗಡಗಡ ಅಂತು. ಕೊಡ ಬಗ್ಗಿಸಲು ಹೋದೆ, ಬಗ್ಗಲಿಲ್ಲ. ಕಣ್ಣು ಮುಚ್ಚಿ ಬಗ್ಗಿಸಿದೆ, ನೀರು ನನ್ನ ಕಾಲ ಮೇಲೆಯೇ ಬಿತ್ತು. ಕಡೆಗೆ ಉಳಿದ ಹದಿನೆಂಟು ಕೊಡ ನೀರನ್ನೂ ಒಡ್ಡಿನ ಏಡಿಬಿಲಗಳಿಗೆ ಸುರಿದೆ. ಒಂದು ಮುದಿ ಏಡಿ ಹೊರಗೆ ಬಂದು ನನ್ನನ್ನು ನೋಡಿ, ಇದೆಂಥ ಹೊಸ ಪದ್ಧತಿ ಅನ್ನುವ ಹಾಗೆ ಕೊಂಡಿ ಎತ್ತಿ ಒಳಗೆ ಹೋಯಿತು. ನಾನು ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ.

ನಾಟಿಯಾಯಿತು. ಮೂಡಣ ಸಸಿ ಮೇಲಿನ ಗದ್ದೆಗೆ, ಪಡುವಣ ಸಸಿ ಒಡ್ಡಿನ ಪಕ್ಕದ ಕೆಳಗಿನ ಗದ್ದೆಗೆ ಹೋಯಿತು. ಹದಿನೈದು ದಿನ ಬಿಟ್ಟು ಗೋಯ್ದಜ್ಜ ಎಲೆ ನೋಡಲು ಬಂದ. ಅವನದು ಅರವತ್ತು ವರ್ಷದ ಕಣ್ಣು. ಎಲೆಯನ್ನು ಬಿಸಿಲಿಗೆ ಹಿಡಿದು, ಚುಕ್ಕೆ ಎಣಿಸಿ, ಗದ್ದೆಗೆ ಒಂದು ಮಾತು ಹೇಳುತ್ತಾನೆ. ಮೇಲಿನ ಗದ್ದೆಯಲ್ಲಿ, "ಚಲೋ ಅದೆ" ಅಂದ. ಕೆಳಗಿನ ಗದ್ದೆಯಲ್ಲಿ ಒಂದು ಎಲೆ ನೋಡಿದ, ಇನ್ನೊಂದು ನೋಡಿದ, ಇಪ್ಪತ್ತು ಎಲೆ ನೋಡಿದ. ಬೆವರು ಒರೆಸಿಕೊಂಡ.

"ಬೀರಮ್ಮ, ಇದಕ್ಕೆ ಹೊಸ ಚುಕ್ಕೆ ಬಂದದ್ದು ಕಡಿಮೆ. ಅದು ಹೋಗ್ಲಿ. ತಾಯಿ ಕಡೆಯಿಂದ ಬಂದ ಹಳೇ ಚುಕ್ಕೆನೂ ಅಲ್ಲಲ್ಲಿ ಅಳ್ಸಿ ಹೋಗ್ಯದೆ. ಹಿಂಗಾದ್ದು ನಾ ನೋಡ್ಲಿಲ್ಲ."

ಬೀರಮ್ಮ ಸೊಸೆಯ ಕಡೆ ತಿರುಗಿದಳು. "ನಿನ್ನ ಅಣ್ಣ ತಂದ ಸಿಹಿನೀರು ಎಲ್ಲಿ ಹೊಯ್ದೆ?"

"ನಾ ಕುಡಿದೆ ಅತ್ತೆ."

"ವಾರಕ್ಕೆ ಎರಡು ಕೊಡ ಒಬ್ಳೇ ಕುಡೀತ್ಯಾ? ಎಮ್ಮೆನಾ ನೀನು? ಸಸಿ ಬಾಡಿದ್ದು ಕಂಡು ಮನಸು ಕರಗಿ ಹೊಯ್ದದ್ದಲ್ದಾ?"

"ಹೊಟ್ಟೇಲಿ ಒಂದು ಅದೆ ಅತ್ತೆ. ಇಬ್ರು ಕುಡೀತ್ರು. ಸಸಿಗೆ ಒಂದು ಹನಿ ಹಾಕ್ಲಿಲ್ಲ."

"ಹಾಂಗಾರೆ ಚುಕ್ಕೆ ತಿಂದವ್ರು ಯಾರು?"

ಗೋಯ್ದಜ್ಜ ಕೈ ಎತ್ತಿದ. "ಜಟ್ಟು ಮೂರು ಸಲನೂ ಹಾಕಿದ್ದಾನೆ. ಅಂವ ಈ ಗದ್ದೆ ಅನ್ನ ಮುಟ್ಟೂದಿಲ್ಲ, ಅಂವನ ಕೈ ನಡುಗೂದಿಲ್ಲ. ಉಂಡವ್ರ ಕೈ ಮಾತ್ರ ನಡುಗ್ತದೆ. ತಪ್ಪು ನೀರಿನದ್ದೇ."

ಅಜ್ಜನ ಮಾತು ಮುಗಿಯುವ ಮೊದಲೇ ಕುಸಲಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಆಕಾಶದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮಾರನೇ ದಿನ ಅವಳು ನಮ್ಮ ಮನೆಗೆ ಬಂದಳು. ನಾನು ಬಲೆ ಹೊಲಿಯುತ್ತ ಕೂತಿದ್ದೆ. ಅವಳು ಕೂರಲಿಲ್ಲ.

"ಮಾವ, ಅವತ್ತು ನೀವು ಉಂಡದ್ದು ಆ ಗದ್ದೆ ಅಕ್ಕಿ."

"ಹೌದಾ ಮಗ? ನಂಗೆ ಗೊತ್ತೇ..."

"ಗೊತ್ತಿತ್ತು."

ಬಲೆಯ ಕಣ್ಣೊಂದು ತಪ್ಪಿತು. "ಗೊತ್ತಿತ್ತು," ಅಂದೆ. "ಹೇಳ್ಬೇಡ ಮಗ. ಹನ್ನೊಂದು ಗದ್ದೆಯವ್ರೂ ನನ್ನ ಕೊಡ ಕಸಿದುಕೊಳ್ತ್ರು. ಕೊಯ್ಲು ಆಗ್ಲಿ, ನಾನೇ ಹೇಳ್ತೆ."

ಅವಳು ಬಲೆಯ ತಪ್ಪಿದ ಕಣ್ಣಿಗೆ ಬೆರಳು ತೋರಿಸಿದಳು. "ನಿಮ್ಮ ಹೆಸರು ಹೇಳಿದ್ರೆ ನಂಗೆ ಚುಕ್ಕೆ ಬತ್ತದಾ? ಇಲ್ಲ. ಮತ್ತೆಂತಕ್ಕೆ ಹೇಳೂದು. ಆದ್ರೆ ನಾ ಉಣ್ಸಿದ್ದು ತಪ್ಪು ಅಂತ ನಂಗೆ ಅನ್ನಿಸೂದಿಲ್ಲ, ನೋಡಿ" ಅಂದು ಹೊರಟುಹೋದಳು. ಆ ತಿಂಗಳು ನಾನು ಹೇಳಿದ ಸುಳ್ಳುಗಳೆಲ್ಲ ಸಪ್ಪೆಯಾದವು. ತೋಡಿನಲ್ಲಿ ಮಾತಾಡುವ ಮೊಸಳೆ ನೋಡಿದೆ ಅಂತ ಹೇಳಿದೆ, ಜನ ಏನು ಮಾತಾಡಿತು ಅಂತ ಕೇಳಿದರು, ನನಗೆ ಏನೂ ಹೊಳೆಯಲಿಲ್ಲ.

ತೆನೆ ಬಾಗುವ ಹೊತ್ತಿಗೆ ಸಮುದ್ರ ಏರಿತು. ಹುಣ್ಣಿಮೆಯ ಉಬ್ಬರಕ್ಕೆ ಒಡ್ಡು ಮೂರು ಕಡೆ ಒಡೆದು, ತೋಡು ಗದ್ದೆಗೆ ನುಗ್ಗಿ ಒಂಬತ್ತು ದಿನ ಅಲ್ಲೇ ಕೂತಿತು. ದೋಣಿಕಟ್ಟೆ ಹೂಳಿನಲ್ಲಿ ಮುಚ್ಚಿಹೋಯಿತು, ಮೇಲಿನ ಊರಿನ ದೋಣಿಗಳು ನಿಂತವು. ಊರಿನ ಗಂಡಸರೆಲ್ಲ ಒಡ್ಡಿನ ಮೇಲೆ, ಹೆಂಗಸರೆಲ್ಲ ಮಣ್ಣಿನ ಬುಟ್ಟಿಯ ಕೆಳಗೆ. ಬಸುರಿಯೆಂದು ಕುಸಲಿಯನ್ನು ಮನೆಯಲ್ಲಿ ಬಿಟ್ಟರು. ಅವಳು ಎಲ್ಲರಿಗೂ ಅನ್ನ ಬೇಯಿಸಿ ಕಳಿಸುತ್ತಿದ್ದಳು. ನಾನು ಮಾತ್ರ ಮೀನು ತಿಂದೆ. ಇಲ್ಲ, ಈ ಕತೆಯಲ್ಲಿ ಸುಳ್ಳು ಹೇಳುವುದಿಲ್ಲ, ಎರಡು ದಿನ ಅನ್ನವನ್ನೂ ಉಂಡೆ. ಹೇಗೂ ಕೆಟ್ಟವನು ಕೆಟ್ಟಾಗಿತ್ತು.

ನೀರು ಇಳಿದ ಮೇಲೆ ಗದ್ದೆ ನೋಡಲು ಹೋದೆವು. ಮೇಲಿನ ಗದ್ದೆಯ ಪೈರು ಯಾವಾಗಲೂ ನಿಲ್ಲುವ ಹಾಗೆ ನಿಂತಿತ್ತು, ಗಿಡ್ಡ, ಒರಟು, ತೆನೆಯಲ್ಲಿ ಅರ್ಧ ಜೊಳ್ಳು. ಕೆಳಗಿನ ಗದ್ದೆಯಲ್ಲಿ ಹತ್ತು ಬುಡದಲ್ಲಿ ಏಳು ಸತ್ತು ಕೊಳೆತಿದ್ದವು. ಉಳಿದ ಮೂರು ಸೊಂಟದೆತ್ತರ ನಿಂತು, ಕೆಸರಿನಿಂದ ಈಗಷ್ಟೇ ಮಿಂದು ಎದ್ದ ಹಾಗೆ ಹಸಿರಾಗಿದ್ದವು. ತೆನೆ ತುಂಬಿ ಬಾಗಿತ್ತು. ಗೋಯ್ದಜ್ಜ ಎಲೆ ಹಿಡಿದು ನೋಡಿದ. ಹಳೇ ಚುಕ್ಕೆ ಅಳಿಸಿಹೋದ ಬುಡಗಳೇ ಅವು.

"ಇದೆಂತ ಅಜ್ಜ?" ಅಂತ ಈರ ಕೇಳಿದ.

"ಗೊತ್ತಿಲ್ಲ ಮಾರಾಯ," ಅಂದ ಅಜ್ಜ. ಅವನ ಬಾಯಲ್ಲಿ ಆ ಮಾತನ್ನು ನಾವು ಯಾರೂ ಕೇಳಿರಲಿಲ್ಲ.

ಬೀರಮ್ಮನಿಗೆ ಸತ್ತ ಏಳು ಮಾತ್ರ ಕಂಡಿತು. "ಚುಕ್ಕೆಯಿಲ್ಲದ ಭತ್ತ ಬೀಜಕ್ಕೂ ಆಗೂದಿಲ್ಲ, ಉಣ್ಣೂಕೂ ಆಗೂದಿಲ್ಲ" ಅಂತ ಕೆಳಗಿನ ಗದ್ದೆಯ ಕೊಯ್ಲಿಗೆ ಬರಲೇ ಇಲ್ಲ. ಕುಸಲಿ ಒಬ್ಬಳೇ ಕುಡುಗೋಲು ಹಿಡಿದು, ಭಾರದ ಹೊಟ್ಟೆ ಹೊತ್ತು, ಎರಡು ದಿನ ಕೊಯ್ದಳು. ಬಡಿದಳು, ಕುಟ್ಟಿದಳು. ಮೇಲಿನ ಗದ್ದೆಯ ಅಕ್ಕಿ ಮನೆಯವರಿಗೆ, ಕೆಳಗಿನದು ತನಗೆ ಅಂತ ಬೇರೆ ಮಡಕೆಯಲ್ಲಿ ಬೇಯಿಸಿಕೊಂಡಳು. ಚುಕ್ಕೆ ಬೇಕಾದವಳು ಚುಕ್ಕೆಯಿಲ್ಲದ ಅಕ್ಕಿ ಉಣ್ಣುತ್ತಾಳೆ ಅಂತ ಕೇರಿಯ ಹೆಂಗಸರು ನಕ್ಕರು. ಅವಳೇಕೆ ಹಾಗೆ ಮಾಡಿದಳೋ. ನಾನು ಆಮೇಲೆ ಕೇಳಿದ್ದಕ್ಕೆ, "ಒಂಬತ್ತು ದಿನ ನೀರಲ್ಲಿ ನಿಂತದ್ದನ್ನ ಎಸೀಲಾ?" ಅಂತಷ್ಟೇ ಹೇಳಿದಳು.

ಕಿವಿ ನೋಡುವ ದಿನ ಬಂತು. ಅವತ್ತೇ ದೋಣಿಕಟ್ಟೆಯ ಹೂಳು ತೆಗೆದು ಮುಗಿದಿತ್ತು, ಎರಡು ತಿಂಗಳಲ್ಲಿ ಮೊದಲ ದೋಣಿ ಅವಳ ಅಣ್ಣನದೇ. ಅವನು ಕಟ್ಟೆಗೆ ದೋಣಿ ಕಟ್ಟಿ, ಇಳಿಯದೆ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಊರೆಲ್ಲ ಬೀರಮ್ಮನ ಅಂಗಳದಲ್ಲಿತ್ತು. ಗೋಯ್ದಜ್ಜ ಕುಸಲಿಯನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ಕೂದಲು ಸರಿಸಿ, ಎಡಗಿವಿ ಮಡಚಿದ. ಆಮೇಲೆ ಬಲಗಿವಿಯನ್ನೂ ಮಡಚಿದ. ಹಾಗೆ ಯಾರದ್ದನ್ನೂ ಮಡಚುತ್ತಿರಲಿಲ್ಲ.

"ಇಲ್ಲ," ಅಂದ.

ಈರ ಅಂಗಳದ ಮೂಲೆಯಲ್ಲಿ ನಿಂತು ತನ್ನ ಕಾಲ್ಬೆರಳು ನೋಡುತ್ತಿದ್ದ. ಬೀರಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದು ಹೇಳಿದಳು, "ಸಿಹಿನೀರು ಹೊಯ್ದು ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕಂಡೆಯಲ್ಲೇ."

ನಾನು ಗುಂಪಿನ ಹಿಂದೆ ತೆಂಗಿನ ಮರಕ್ಕೆ ಒರಗಿ ನಿಂತಿದ್ದೆ. ಕೊಯ್ಲಾದ ಮೇಲೆ ಹೇಳುತ್ತೇನೆ ಅಂದಿದ್ದೆ, ಕೊಯ್ಲಾಗಿ ತಿಂಗಳಾಗಿತ್ತು. ಕಾಲು ತಾನಾಗಿಯೇ ಮುಂದೆ ಬಂತು ಅಂತ ಹೇಳಬಹುದು, ಆದರೆ ಬರಲಿಲ್ಲ, ನಾನೇ ಎಳೆದು ತಂದೆ.

"ನೀರು ಅವಳು ಹೊಯ್ಲಿಲ್ಲ. ಮೂರನೇ ಸಲದ್ದು ನಾನೇ ಹಾಕ್ಲಿಲ್ಲ. ಈ ಮನೆ ಗಂಜಿ ಉಂಡಿದ್ದೆ, ಕೈ ನಡುಗ್ತು. ನೀರು ಏಡಿಬಿಲಕ್ಕೆ ಹೊಯ್ದೆ."

ಇಡೀ ಅಂಗಳ ಗೊಳ್ ಅಂತ ನಕ್ಕಿತು.

"ಏಡಿ ಎಂತ ಹೇಳ್ತು ಜಟ್ಟುಮಾವ?" ಅಂತ ಒಬ್ಬ ಕೂಗಿದ.

"ನಿನ್ನ ಅಜ್ಜನ ಅಂಗಿ ಇತ್ತಾ ಜೊತೆಗೆ?" ಅಂತ ಇನ್ನೊಬ್ಬ.

"ಹುಡುಗಿ ಮೇಲೆ ಪಾಪ ಅನ್ನಿಸಿ ಕಟ್ಟಿದ ಕತೆ," ಅಂದಳು ಬೀರಮ್ಮ. "ನಲವತ್ತು ವರ್ಷ ನಮ್ಮನೆ ಅನ್ನ ಮುಟ್ಟದವ ಈಗ ಉಂಡೆ ಅಂದ್ರೆ ನಂಬೂಕೆ ನಾ ಕೂಸಾ?"

ನಾನು ಆಣೆ ಮಾಡಿದೆ. ಅದಕ್ಕೂ ನಕ್ಕರು. ನಾನು ಈ ಹಿಂದೆ ಮೊಸಳೆಯ ಮೇಲೂ ಆಣೆ ಮಾಡಿದ್ದೆ. ಬದುಕಿನಲ್ಲಿ ಒಂದೇ ಒಂದು ನಿಜ ಹೇಳಲು ಹೋಗಿ, ನಾನು ಬೆವರಿ ನಿಂತೆ.

ಆಗ ಕುಸಲಿ ಕೂತಲ್ಲಿಂದಲೇ ಹೇಳಿದಳು, "ಗಂಜಿ ಮೂರು ಸಲ ಹಾಕಿಸ್ಕಂಡ್ರು. ಮೂರನೇ ಸಲ ಚಟ್ನಿ ಇರ್ಲಿಲ್ಲ, ಉಪ್ಪಿನಕಾಯಿ ಕೊಟ್ಟೆ."

ಬೀರಮ್ಮನ ಸೆರಗು ಬಾಯಿಂದ ಕೆಳಗೆ ಬಿತ್ತು. "ಒಣಸಿಗಡಿ ಅಷ್ಟೂ ಖಾಲಿಯಾದ್ದು ಹಂಗಾ! ನಾ ಬೆಕ್ಕಿಗೆ ಹೊಡೆದೆನಲ್ಲೋ ಪಾಪಿ!"

ಈಗ ಎಲ್ಲರಿಗೂ ನಂಬಿಕೆ ಬಂತು. ನಗು ನಿಂತಿತು. ಹನ್ನೊಂದು ಗದ್ದೆಯವರೂ ನನ್ನ ಕಡೆ ತಿರುಗಿದರು. ಆ ನೋಟಗಳ ವಿಚಾರ ಬೇಡ. ಗೋಯ್ದಜ್ಜ ಎರಡೂ ಕೈ ಎತ್ತಿ ಸುಮ್ಮನಾಗಿಸಿದ.

"ಅಂವನ ವಿಚಾರ ಆಮೇಲೆ. ತಪ್ಪು ಈ ಹುಡುಗಿದಲ್ಲ, ಅದು ಸರಿ. ಆದ್ರೆ ಚುಕ್ಕೆ ಇಲ್ಲ, ಅದೂ ಸರಿ. ತಪ್ಪು ಯಾರದ್ದಾದ್ರೂ ಒಣಗೂ ಮೈ ಒಣಗ್ತದೆ. ಹೊಟ್ಟೇಲಿ ಕೂಸು ಅದೆ. ದೋಣಿ ಹತ್ತು ತಂಗಿ."

ಕುಸಲಿ ಏಳಲಿಲ್ಲ. "ಅಜ್ಜ, ಮಳೆ ನಿಂತು ಎಷ್ಟು ದಿನ ಆಯ್ತು?"

"ತಿಂಗಳ ಮೇಲಾಯ್ತು."

"ನಮ್ಮಣ್ಣನ ದೋಣಿ ಬರದೇ ಎಷ್ಟು ದಿನ?"

"ಎರಡು ತಿಂಗಳು."

"ಹಾಂಗಾರೆ ಇಷ್ಟು ದಿನ ನಾ ಎಂತ ಕುಡಿದೆ ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಒಡ್ಡು ಒಡೆದಿತ್ತು, ಊರು ಮಣ್ಣು ಹೊರುತ್ತಿತ್ತು. ಬೀರಮ್ಮ ಮಗನನ್ನು ನೋಡಿದಳು, ಮಗ ತಾಯಿಯನ್ನು ನೋಡಿದ. ಕುಸಲಿ ಒಂದು ಕೈ ನೆಲಕ್ಕೆ ಊರಿ ಎದ್ದು, ಅಂಗಳದ ಮೆಟ್ಟಿಲು ಇಳಿದಳು. ತೋಡು ಆಗಷ್ಟೇ ಮೇಲೆ ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಿತ್ತು. ಬಗ್ಗಲು ಹೊಟ್ಟೆ ಬಿಡಲಿಲ್ಲ. ಈರ ಓಡಿಹೋಗಿ ಚೊಂಬು ಮುಳುಗಿಸಿ ಕೊಟ್ಟ. ಅವನ ಕೈ ನಡುಗುತ್ತಿತ್ತು. ಅವಳು ಕತ್ತು ಎತ್ತಿ ಗಟಗಟ ಕುಡಿದು, ಚೊಂಬು ಮುಂದೆ ಹಿಡಿದಳು. ಇನ್ನೊಂದು ತುಂಬಿ ಕೊಟ್ಟ. ಅದನ್ನೂ ಕುಡಿದಳು. ಊರೆಲ್ಲ ತೆಂಗಿನ ಬುಡದ ಕಡೆ ನೋಡಿತು. ಅವಳು ಅಲ್ಲಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಾಯಿ ಒರೆಸಿಕೊಂಡು, ತೇಗಿದಳು.

ಬಿಸಿಲು ಮೆಟ್ಟಿಲಿಂದ ಜಗುಲಿಗೆ ಸರಿಯುವ ತನಕ ಕಾದೆವು. ಅವಳಿಗೆ ಏನೂ ಆಗಲಿಲ್ಲ, ಕಾದು ಕಾದು ನಮಗೇ ಬಾಯಾರಿತು. ಗೋಯ್ದಜ್ಜ ಅವಳ ಪಕ್ಕದಲ್ಲಿ ಕೂತು ತನ್ನ ಅಂಗೈ ನೋಡಿಕೊಂಡ.

"ಅರವತ್ತು ವರ್ಷ ನಾ ಬಂದ ಚುಕ್ಕೆ ಎಣಿಸ್ದೆ," ಅಂದ. "ಹೋದ ಚುಕ್ಕೆ ಎಣಿಸ್ಲೇ ಇಲ್ಲ. ಚುಕ್ಕೆಯಿಂದ ಸಾಲು ಮುಚ್ಚಿಕೊಂಡು ಬದುಕೂದೂ ಅದೆ, ಚುಕ್ಕೆ ಅಳ್ಸಿ ತೆರೆದುಕೊಂಡು ಬದುಕೂದೂ ಅದೆ. ನಂಗೆ ಒಂದೇ ಕಂಡಿತ್ತು." ಅಂಗೈ ಮಡಚಿ, "ಆ ಇಬ್ರು ಹುಡುಗೀರನ್ನ ಕಳ್ಸಿದ್ದೆ" ಅಂದ.

ಅಣ್ಣ ದೋಣಿ ಬಿಚ್ಚಿಕೊಂಡು ಒಬ್ಬನೇ ಹೋದ. ಕುಸಲಿಗೆ ಹೆಣ್ಣುಮಗು ಹುಟ್ಟಿತು. ಗೋಯ್ದಜ್ಜ ಕಿವಿ ನೋ‍ಡಲು ಬಂದ, ಬೀರಮ್ಮ ಕೂಸನ್ನು ಸೆರಗಿನೊಳಗೆ ಮುಚ್ಚಿ, "ನೋಡೂದು ಎಂತದೂ ಬ್ಯಾಡ, ಬೇಕಾರೆ ಎತ್ಕೋ" ಅಂದಳು.

ನನ್ನ ಕೊಡವನ್ನು ಹನ್ನೊಂದು ಗದ್ದೆಯವರೂ ಸೇರಿ ಕಸಿದುಕೊಂಡರು. ಒಂದು ಸಲ ಉಂಡವನು ಇನ್ನೊಂದು ಸಲ ಉಣ್ಣದಿರುತ್ತಾನೆ ಅಂತ ಏನು ನಂಬಿಕೆ? ನ್ಯಾಯವೇ. ಈಗ ನಾನು ಹನ್ನೊಂದು ಮನೆಯಲ್ಲೂ ಅನ್ನ ಉಣ್ಣುತ್ತೇನೆ. ಹೊಟ್ಟೆ ಬಂದಿದೆ. ಅರ್ಧ ಸಸಿಗೆ ಮೂರು ಸಲ, ಅರ್ಧ ಸಸಿಗೆ ಎರಡೇ ಸಲ ಅಂತ ಅಜ್ಜ ಹೊಸ ಪದ್ಧತಿ ಮಾಡಿದ. ಆದರೆ ಈ ಗದ್ದೆಗಳಿಗೆ ಈಗ ನೀರು ಹಾಕುವವರು ಯಾರು? ಊರಲ್ಲಿ ಎಲ್ಲರೂ ಎಲ್ಲರ ಮನೆಯಲ್ಲಿ ಎಂದಾದರೂ ಉಂಡವರೇ. ತನ್ನ ಮನೆಯ ಅಕ್ಕಿ ಬಿಟ್ಟು ಬೇರೆ ಯಾವ ಮನೆಯದ್ದನ್ನೂ ಉಣ್ಣದವಳು ಒಬ್ಬಳೇ ಇದ್ದಳು, ಯಾಕೆಂದರೆ ಎರಡು ವರ್ಷ ಅವಳನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಹೋಗುವವಳನ್ನು ಕರೆದು ಏನು ಮಾಡುವುದು ಅಂತ ಬಿಟ್ಟಿದ್ದರು. ಅವಳ ಮನೆಯ ಗದ್ದೆ ಬಿಟ್ಟು ಉಳಿದವಕ್ಕೆ ಕುಸಲಿಯನ್ನು ಕೇಳಿದರು. ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಹೆಂಗಸನ್ನು ಮಾವ ಅಂತ ಕರೆಯುವುದು ಹೇಗೆ ಅಂತ ಎರಡು ದಿನ ಚರ್ಚೆಯಾಯಿತು. ಆಮೇಲೆ ಎಲ್ಲರೂ ಮಾವ ಅಂತಲೇ ಕರೆದರು.

ನನ್ನ ಗದ್ದೆಯ ಮಾವನಿಗೆ ವಯಸ್ಸಾಯಿತು, ಈ ವರ್ಷ ಅದಕ್ಕೂ ಅವಳೇ. ಇಪ್ಪತ್ತನೇ ದಿನ ಬೆಳಿಗ್ಗೆ ನಾನು ಸುಮ್ಮನೆ ಬೇಲಿ ನೋಡುವವನ ಹಾಗೆ ಅಲ್ಲಿಗೆ ಹೋದೆ. ಅವಳು ಕೊಡ ತುಂಬಿ ಹೆಗಲಿಗೆ ಏರಿಸಿ ಬಂದಳು. ನಾನು ಆ ಗದ್ದೆಯ ಅನ್ನ ಹುಟ್ಟಿದಾಗಿನಿಂದ ಉಂಡವನು.

"ಮಗ, ಆ ಮೂಲೇಲಿ ಇರೂದು ಸ್ವಲ್ಪ ಸಣ್ಣವು. ಅಲ್ಲಿ ಚೂರು ಕಡಿಮೆ..."

"ಮಾವ, ಇದು ಮೂರು ಸಲದ್ದು ಸಸಿ. ಅತ್ಲಾಗೆ ನೋಡಿ."

"ಒಂದು ಅರ್ಧ ಕೊಡ ಆದ್ರೂ..."

"ಅತ್ಲಾಗೆ ನೋಡಿ ಅಂದೆ."

ನಾನು ಬೆನ್ನು ತಿರುಗಿಸಿ ತೋಡಿನ ಕಡೆ ಮುಖ ಮಾಡಿದೆ. ನೀರಿನ ಸದ್ದು ಕಿವಿಗೆ ಬೀಳಬಾರದು ಅಂತ, ಎದುರು ಯಾರೂ ಇಲ್ಲದಿದ್ದರೂ, ಗಂಟಲು ಹರಿಯುವಷ್ಟು ಜೋರಾಗಿ ಒಂದು ಹೊಸ ಸುಳ್ಳು ಶುರುಮಾಡಿದೆ.